ಮುಚ್ಚಳಿಕೆಯಿಂದ ರಕ್ಷಣಾ ಆದೇಶದವರೆಗೆ: ಒಂದು ಕೌಟುಂಬಿಕ ದೌರ್ಜನ್ಯ ಪ್ರಕರಣದ ಅಧ್ಯಯನ

ಹಳೇ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರ. ಆಕೆಗೆ 29 ವರ್ಷ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್. ಮದುವೆಯಾಗಿ 9 ವರ್ಷ. ಮಗಳು ಎರಡನೇ ತರಗತಿ, ಮೂರು ವರ್ಷದ ಮಗ ಅಂಗನವಾಡಿಗೆ ಹೋಗುತ್ತಾನೆ. ಗಂಡ ಖಾಸಗಿ ಕಂಪನಿಯೊಂದರಲ್ಲಿ ಕಾಯಂ ನೌಕರ. ವಾಸದ ಮನೆ ಅತ್ತೆಯ ಹೆಸರಿನಲ್ಲಿದೆ. ಆಕೆಯ ಸಂಬಳದ ಎಟಿಎಂ ಕಾರ್ಡು ಇರುವುದು ಗಂಡನ ಜೇಬಿನಲ್ಲಿ. ಆಕೆಯ ಹೆಸರಿನಲ್ಲಿ ಎರಡು ಮೈಕ್ರೋಫೈನಾನ್ಸ್ ಸಾಲಗಳಿವೆ. ಆ ದುಡ್ಡು ಹೋದದ್ದು ಅವನ ಬೈಕಿಗೆ ಮತ್ತು ನಾದಿನಿಯ ಮದುವೆಗೆ.

ಇದು ಯಾವುದೋ ಒಬ್ಬ ಮಹಿಳೆಯ ವೃತ್ತಾಂತವಲ್ಲ. ಯಾರ ಗುರುತೂ ಹೊರಬೀಳಬಾರದೆಂದು, ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಅಧ್ಯಯನಕ್ಕಾಗಿ ಕಟ್ಟಿದ ಪ್ರಕರಣ. ಕಾನೂನಿನ ಕಲಂಗಳು, ನಮೂನೆಗಳು, ಗಡುವುಗಳು ಮಾತ್ರ ಇರುವುದು ಇರುವ ಹಾಗೆಯೇ ಇವೆ. ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಮತ್ತು ಸಖಿ ಕೇಂದ್ರಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಕೆಲಸ ಮಾಡುವವರಿಗೂ, ಅಕ್ಕನನ್ನೋ ಮಗಳನ್ನೋ ಇಂಥ ಮನೆಯಿಂದ ಕರೆತರಬೇಕಾದವರಿಗೂ ಇದು ಉಪಯೋಗಕ್ಕೆ ಬರಲಿ ಎಂಬುದು ಉದ್ದೇಶ.

ಮೊದಲ ಸಲ ಆದದ್ದು

ಮುಖ್ಯ ಘಟನೆಗೆ ಒಂದೂವರೆ ವರ್ಷ ಮೊದಲೇ ಆಕೆ ತಾಯಿಯ ಜೊತೆ ಠಾಣೆಗೆ ಹೋಗಿದ್ದಳು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮ, ಮಕ್ಕಳ ಮುಖ ನೋಡು" ಎಂಬ ಮಾತು ಅಲ್ಲಿ ಕೇಳಿಬಂತು. ಗಂಡನನ್ನು ಕರೆಸಿದರು. "ಇನ್ನು ಮುಂದೆ ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಕೈ ಮಾಡುವುದಿಲ್ಲ, ತಪ್ಪಿದಲ್ಲಿ ಕಾನೂನು ಕ್ರಮಕ್ಕೆ ಬದ್ಧ" ಎಂದು ಬಿಳಿ ಹಾಳೆಯಲ್ಲಿ ಮುಚ್ಚಳಿಕೆ ಬರೆಸಿಕೊಂಡರು. ಆಕೆಯ ಅರ್ಜಿಗೆ ಹಿಂಬರಹ, ಅಂದರೆ ಅರ್ಜಿ ಏನಾಯಿತೆಂಬ ಲಿಖಿತ ಉತ್ತರ, ಕೊಟ್ಟು ಕಳಿಸಿದರು. ಮನೆಗೆ ಬಂದ ವಾರದೊಳಗೆ "ಸ್ಟೇಷನ್ ಮೆಟ್ಟಿಲು ಹತ್ತಿಸಿದೆಯಾ" ಎಂದು ಮತ್ತೆ ಏಟು ಬಿತ್ತು.

ಇಲ್ಲಿ ಕೆಟ್ಟದ್ದು ಏನೆಂದರೆ, ಆಕೆಯ ಸುರಕ್ಷತೆಯನ್ನು ಯಾರೂ ವಿಚಾರಿಸುವ ಮೊದಲೇ ರಾಜಿ ನಡೆದುಹೋಯಿತು. ನ್ಯಾಯಾಲಯದ ರಕ್ಷಣಾ ಆದೇಶ ಮುರಿದರೆ ಅದೇ ಒಂದು ಅಪರಾಧವಾಗುತ್ತದೆ. ಮುಚ್ಚಳಿಕೆಗೆ ಆ ಬಲವಿಲ್ಲ. ಸಮಾಲೋಚನೆಗೂ ಕಾನೂನಿನಲ್ಲಿ ಜಾಗವಿದೆ, ಆದರೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರ ಕಲಂ 14ರಲ್ಲಿ ಅದು ಬರುವುದು ಪ್ರಕರಣ ಮ್ಯಾಜಿಸ್ಟ್ರೇಟರ ಮುಂದೆ ಹೋದ ಮೇಲೆ. ಹೊಡೆತವನ್ನು ಸಮರ್ಥಿಸುವ ಯಾವ ಮಾತಿಗೂ ಆ ಸಮಾಲೋಚನೆಯಲ್ಲಿ ಅವಕಾಶ ಕೊಡಬಾರದೆಂದು ಅದೇ ಕಾಯ್ದೆಯ ನಿಯಮಾವಳಿಯ ನಿಯಮ 14 ಹೇಳುತ್ತದೆ.

ಹಾಗೆಂದು ಆ ಹಾಳೆಯನ್ನು ಕೈಬಿಡಬಾರದು. "ಕೈ ಮಾಡುವುದಿಲ್ಲ" ಎಂದು ಬರೆದುಕೊಟ್ಟವನು, ಅದಕ್ಕೆ ಮೊದಲು ಕೈ ಮಾಡಿದ್ದನ್ನು ತಾನೇ ಒಪ್ಪಿದಂತಾಯಿತು. ಮುಚ್ಚಳಿಕೆಯ ಪ್ರತಿ ಮತ್ತು ಹಿಂಬರಹವನ್ನು ಮುಂದೆ ನ್ಯಾಯಾಲಯಕ್ಕೆ ಹಾಕಿದಾಗ, ಹಳೆಯ ಘಟನೆಗೆ ಸಿಕ್ಕಿದ ಒಂದೇ ಲಿಖಿತ ಆಧಾರ ಅದಾಗಿತ್ತು. ಪ್ರತಿ ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.

ಎಕ್ಸ್-ರೇ ಕೋಣೆ

ಒಂದು ಶನಿವಾರ ರಾತ್ರಿ 11ರ ಹೊತ್ತಿಗೆ ಹೊಡೆತ ಬಿತ್ತು. ಎಡಗೈ ಮಣಿಕಟ್ಟು ಮುರಿಯಿತು. ಆಮೇಲೆ ಬಲವಂತದ ಸಂಭೋಗ. ಭಾನುವಾರ ಬೆಳಗ್ಗೆ ಅತ್ತೆಯೇ ತಾಲ್ಲೂಕು ಆಸ್ಪತ್ರೆಗೆ ಕರೆತಂದರು. "ಬಚ್ಚಲಲ್ಲಿ ಜಾರಿ ಬಿದ್ಲು" ಎಂದು ಹೇಳಿದವರೂ ಅವರೇ. ಆಕೆ ತಲೆ ತಗ್ಗಿಸಿದ್ದಳು.

ಜೊತೆಗೆ ಬಂದವರ ಎದುರು ಯಾವ ಹೆಂಗಸೂ ನಿಜ ಹೇಳುವುದಿಲ್ಲ. ಪ್ರಶ್ನೆ ಕೇಳುವುದಕ್ಕಿಂತ ಮೊದಲು ಅವರನ್ನು ಬೇರೆ ಮಾಡಬೇಕು. ಬಾಯಿಬಿಟ್ಟು "ನೀವು ಹೊರಗಿರಿ" ಎಂದರೆ ಅನುಮಾನ ಬರುತ್ತದೆ, ಮನೆಗೆ ಹೋದ ಮೇಲೆ ಅದಕ್ಕೂ ಏಟು ತಿನ್ನಬೇಕಾಗುತ್ತದೆ. ಎಕ್ಸ್-ರೇ ಕೋಣೆಗೆ ರೋಗಿಯನ್ನು ಬಿಟ್ಟು ಬೇರೆ ಯಾರನ್ನೂ ಸೇರಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಸ್ಟಾಫ್ ನರ್ಸ್ ಆಕೆಯ ಜೊತೆ ಒಳಗೆ ಹೋಗಿ ಕೇಳಿದ್ದು ಮೂರೇ ಪ್ರಶ್ನೆ: "ಯಾರಾದ್ರೂ ಹೊಡೆದ್ರಾ ಅಮ್ಮ? ಕುತ್ತಿಗೆ ಹಿಸುಕಿದ್ರಾ? ಮನೆಗೆ ಹೋಗೋಕೆ ಭಯ ಆಗ್ತಿದೆಯಾ?"

ಎರಡನೆಯ ಪ್ರಶ್ನೆಯನ್ನು ಯಾವತ್ತೂ ಬಿಡಬಾರದು. ಕುತ್ತಿಗೆ ಹಿಸುಕಿದವನು ಮುಂದೊಂದು ದಿನ ಕೊಲ್ಲುವ ಸಂಭವ ಬಹಳ ಹೆಚ್ಚು ಎಂಬುದು ಈ ಕ್ಷೇತ್ರದಲ್ಲಿ ಚೆನ್ನಾಗಿ ಗೊತ್ತಿರುವ ವಿಷಯ. ಹೊರಗೆ ಗುರುತು ಕಾಣದೆಯೂ ಇರಬಹುದು. ದನಿ ಒಡೆದಿರುವುದು, ಉಗುಳು ನುಂಗುವಾಗ ನೋವು, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ, ಆ ಹೊತ್ತಿನಲ್ಲಿ ಬಟ್ಟೆಯಲ್ಲೇ ಮೂತ್ರವಾಗಿರುವುದು ಲಕ್ಷಣಗಳು. ಕೆಲವು ಗಂಟೆಗಳ ನಂತರ ಗಂಟಲು ಊದಿಕೊಂಡು ಉಸಿರಿಗೆ ತೊಂದರೆಯಾಗಬಹುದು, ಆದ್ದರಿಂದ ನಿಗಾದಲ್ಲಿ ಇಡಬೇಕು. ಆಕೆಯ ದನಿ ಒಡೆದಿತ್ತು. ಪ್ರಶ್ನೆಗೆ ಹೂಂ ಎಂದು ತಲೆಯಾಡಿಸಿದಳು.

ವೈದ್ಯಾಧಿಕಾರಿ ಆಕೆಯನ್ನು ಒಳರೋಗಿಯಾಗಿ ದಾಖಲಿಸಿಕೊಂಡು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ, ಮಾಡಿದರು. ಒಪಿ ಚೀಟಿಯಲ್ಲಿ ಆಗಲೇ "ಬಿದ್ದು ಪೆಟ್ಟು" ಎಂದು ಬರೆದಾಗಿತ್ತು. ಅದನ್ನು ಹೊಡೆದು ಹಾಕಲಿಲ್ಲ. ಕೆಳಗೆ ದಿನಾಂಕ, ಸಮಯ ಹಾಕಿ "ರೋಗಿಯನ್ನು ಒಂಟಿಯಾಗಿ ವಿಚಾರಿಸಿದಾಗ, ಗಂಡ ಕಟ್ಟಿಗೆಯಿಂದ ಹೊಡೆದು ಎರಡೂ ಕೈಯಿಂದ ಕುತ್ತಿಗೆ ಅದುಮಿದನೆಂದು ತಿಳಿಸಿದರು" ಎಂದು ಹೊಸದಾಗಿ ಬರೆದರು. ತಿದ್ದಿದ ದಾಖಲೆ ಪಾಟೀಸವಾಲಿನಲ್ಲಿ ಬಿದ್ದುಹೋಗುತ್ತದೆ. ಎರಡನೇ ನಮೂದು ನಿಲ್ಲುತ್ತದೆ, ಮೊದಲು ಸುಳ್ಳು ಹೇಳಿದ್ದು ಏಕೆ ಎಂಬುದಕ್ಕೂ ಅದರಲ್ಲೇ ಉತ್ತರವಿರುತ್ತದೆ.

ಸಖಿಯಲ್ಲಿ ಹೊರಬಂದ ಮಾತು

ಊರಿನ ಆಶಾ ಕಾರ್ಯಕರ್ತೆ ಆಸ್ಪತ್ರೆಗೆ ಬಂದು, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಸೋಮವಾರ ಬೆಳಗ್ಗೆ ಜಿಲ್ಲಾ ಕೇಂದ್ರದ ಸಖಿ ಒನ್ ಸ್ಟಾಪ್ ಸೆಂಟರಿಗೆ ತಾನೇ ಜೊತೆಯಲ್ಲಿ ಹೋದಳು. ಮಕ್ಕಳನ್ನು ಅಜ್ಜಿ, ಅಂದರೆ ಆಕೆಯ ತಾಯಿ, ಭಾನುವಾರವೇ ಕರೆದುಕೊಂಡಿದ್ದರು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಚೀಟಿ ಬರೆದು ಕಳಿಸಿದರೆ ಹೆಂಗಸರು ದಾರಿಯಲ್ಲೇ ಕಳೆದುಹೋಗುತ್ತಾರೆ. ಈ ಇಡೀ ಪ್ರಕರಣ ನಿಂತಿರುವುದು, ಪ್ರತಿ ಬಾಗಿಲಿಗೂ ಯಾರಾದರೊಬ್ಬರು ಆಕೆಯ ಜೊತೆಗೆ ಹೋದರು ಎಂಬುದರ ಮೇಲೆ.

ಲೈಂಗಿಕ ಹಿಂಸೆಯ ವಿಷಯ ಹೊರಬಂದದ್ದು ಅಲ್ಲಿ, ಆಪ್ತಸಮಾಲೋಚಕಿಯ ಮುಂದೆ. ಅದೂ ಮಾತಿಗೆ ಕೂತು ಒಂದು ಗಂಟೆ ಕಳೆದ ಮೇಲೆ. "ನಿಮಗೆ ಇಷ್ಟವಿಲ್ಲದಿದ್ದಾಗಲೂ ಹತ್ತಿರ ಬರ್ತಾರಾ?" ಎಂದು ಕೇಳಿದಾಗ "ಅದೆಲ್ಲ ಹೇಳ್ಕೊಳ್ಳೋ ವಿಷಯವಾ ಮೇಡಂ" ಎಂದಳು. ಆ ಉತ್ತರಕ್ಕೆ ಹೌದು ಎಂದೇ ಅರ್ಥ. ಅತ್ಯಾಚಾರ ಎಂಬ ಪದವನ್ನು ಗಂಡನ ವಿಷಯದಲ್ಲಿ ಬಳಸುವವರು ತೀರಾ ಕಡಿಮೆ. ನಡೆದದ್ದನ್ನು ಕೇಳಬೇಕು, ಹೆಸರಿಡುವಂತೆ ಒತ್ತಾಯಿಸಬಾರದು.

ಘಟನೆಯಾಗಿ ಸುಮಾರು 36 ಗಂಟೆ ಆಗಿತ್ತು. ಇಲ್ಲಿ ಗಂಟೆಗಳ ಲೆಕ್ಕ ಮುಖ್ಯ. ತುರ್ತು ಗರ್ಭನಿರೋಧಕ ಮಾತ್ರೆ, ಲೆವೊನೊರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, 72 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಎಚ್‌ಐವಿ ತಡೆಯುವ ಪಿಇಪಿ ಔಷಧಿಯನ್ನು ಅಪಾಯವಿದೆ ಎನಿಸಿದಾಗ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ದೇಹದ ಮೇಲಿನ ಸಾಕ್ಷ್ಯ ಸಂಗ್ರಹಕ್ಕೆ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ 96 ಗಂಟೆಯ ಅವಕಾಶ ಹೇಳುತ್ತದೆ. ಸ್ನಾನ ಮಾಡಿದ್ದಾಳೆ ಎಂಬ ಕಾರಣಕ್ಕೆ ಪರೀಕ್ಷೆ ಬಿಡಬಾರದು. ಎರಡು ಬೆರಳಿನ ಪರೀಕ್ಷೆಯನ್ನಂತೂ ಯಾರೂ ಮಾಡುವಂತಿಲ್ಲ. 2013ರಲ್ಲಿ ಮತ್ತು ಮತ್ತೆ 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಂಡಿಸಿದೆ.

ಅಂದು ರಾತ್ರಿ ಉಟ್ಟಿದ್ದ ನೈಟಿ ಮತ್ತು ಒಳಲಂಗವನ್ನು ಒಗೆಯಬೇಡ ಎಂದು ಆಶಾ ಮೊದಲೇ ಹೇಳಿದ್ದಳು. ಅವು ಪ್ಲಾಸ್ಟಿಕ್ ಕವರಿನಲ್ಲಿದ್ದವು. ಪ್ಲಾಸ್ಟಿಕ್‌ನಲ್ಲಿ ತೇವ ಉಳಿದು ಬೂಷ್ಟು ಹಿಡಿಯುತ್ತದೆ, ಸಾಕ್ಷ್ಯ ಹಾಳಾಗುತ್ತದೆ. ನೆರಳಿನಲ್ಲಿ ಆರಿಸಿ, ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಕಾಗದದ ಲಕೋಟೆಗೆ ಹಾಕಿ ಮೊಹರು ಮಾಡಬೇಕಾಯಿತು. ಚಿಕಿತ್ಸೆಗೆ, ಪರೀಕ್ಷೆಗೆ, ಸಾಕ್ಷ್ಯ ಸಂಗ್ರಹಕ್ಕೆ ಬೇರೆ ಬೇರೆಯಾಗಿ ಒಪ್ಪಿಗೆ ಕೇಳಿದರು. ಒಂದಕ್ಕೆ ಬೇಡ ಎಂದ ಮಾತ್ರಕ್ಕೆ ಇನ್ನೊಂದನ್ನು ನಿರಾಕರಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 397ರ ಪ್ರಕಾರ ಖಾಸಗಿ ಆಸ್ಪತ್ರೆಯೂ ಅತ್ಯಾಚಾರ ಸಂತ್ರಸ್ತೆಗೆ ಉಚಿತ ಚಿಕಿತ್ಸೆ ಕೊಡಬೇಕು, "ಮೊದಲು ಎಫ್‌ಐಆರ್ ತನ್ನಿ" ಎನ್ನುವುದು ಕಾನೂನಿನಲ್ಲಿ ಎಲ್ಲೂ ಇಲ್ಲ. ತೊಡೆ ಮತ್ತು ತೋಳಿನ ಕಂದುಗಟ್ಟಿದ ಗಾಯಗಳ ಫೋಟೋವನ್ನು ಎರಡು ದಿನ ಬಿಟ್ಟು ಮತ್ತೆ ತೆಗೆದರು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಮೊದಲ ದಿನ ಮಸುಕಾಗಿದ್ದ ಬೆರಳಿನ ಗುರುತು ಮೂರನೆಯ ದಿನ ಎದ್ದು ಕಾಣುತ್ತಿತ್ತು.

ಕಾನೂನಿನ ಮಿತಿಯನ್ನು ಆಕೆಗೆ ಮರೆಮಾಚದೆ ಹೇಳಬೇಕಿತ್ತು. ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ 63ರ ಎರಡನೇ ವಿನಾಯಿತಿಯಂತೆ, 18 ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸಿದ ಬಲವಂತದ ಸಂಭೋಗ ಅತ್ಯಾಚಾರದ ಅಪರಾಧವಾಗುವುದಿಲ್ಲ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ಒಪ್ಪದೆ ವಿಚಾರಣೆ ನಡೆಯಲಿ ಎಂದಿತ್ತು. ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇದು ದೊಡ್ಡ ಅನ್ಯಾಯ, ಬದಲಾಗಲೇಬೇಕು. ಆದರೆ ಅಷ್ಟಕ್ಕೆ ಎಲ್ಲ ಬಾಗಿಲೂ ಮುಚ್ಚಿದಂತಲ್ಲ. 2005ರ ಕಾಯ್ದೆಯ ಕಲಂ 3 ಲೈಂಗಿಕ ದೌರ್ಜನ್ಯವನ್ನು ಕೌಟುಂಬಿಕ ದೌರ್ಜನ್ಯದೊಳಗೇ ಸೇರಿಸಿದೆ. ಬಲವಂತದಿಂದ ಗರ್ಭ ನಿಂತಿದ್ದರೆ, 24 ವಾರದವರೆಗಿನ ಗರ್ಭಪಾತದ ಅವಕಾಶಕ್ಕೆ ಹೆಂಡತಿಯೂ ಅರ್ಹಳು ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿದೆ.

ಠಾಣೆ

ಸಖಿಯಿಂದ ಕಾನೂನು ಸಹಾಯಕಿ ಜೊತೆಗೆ ಹೋದರೂ ಮೊದಲು ಬಂದ ಮಾತು "ಎನ್‌ಸಿ ಮಾಡೋಣ" ಎಂಬುದೇ. ಬರೀ ಹೊಡೆತವೆಂದರೆ ಬಿಎನ್‌ಎಸ್ 115(2), ಅದು ಅಸಂಜ್ಞೇಯ (ಎನ್‌ಸಿ), ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮೂಳೆ ಮುರಿದರೆ ತೀವ್ರ ಗಾಯ, 117(2), ಅದು ಸಂಜ್ಞೇಯ. ಗಂಡನ ಕ್ರೌರ್ಯ ಕಲಂ 85, ಹಿಂದಿನ 498ಎ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ತೀರ್ಮಾನವಾಗಿದೆ. ಆದರೆ ಗಾಯದ ಪ್ರಮಾಣಪತ್ರ ಎಕ್ಸ್-ರೇ ವರದಿಗಾಗಿ ಕಾಯುತ್ತಾ ಆಸ್ಪತ್ರೆಯಲ್ಲೇ ವಾರಗಟ್ಟಲೆ ಕೂರುತ್ತದೆ. ಅದಿಲ್ಲದೆ ಠಾಣೆಯವರು ಸಣ್ಣ ಕಲಂ ಹಾಕಿಬಿಡುತ್ತಾರೆ. ಇಲ್ಲಿ ಎಕ್ಸ್-ರೇ ವರದಿಯ ಪ್ರತಿಯನ್ನೇ ದೂರಿನ ಜೊತೆ ಲಗತ್ತಿಸಿದ್ದರಿಂದ ಆ ತಾಪತ್ರಯ ತಪ್ಪಿತು. ನಿರಾಕರಿಸಿದ್ದರೆ ಬಿಎನ್‌ಎಸ್‌ಎಸ್ 173(4)ರಡಿ ಎಸ್‌ಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ದೂರು, ಅದಾದ ಮೇಲೆ ಮ್ಯಾಜಿಸ್ಟ್ರೇಟ್.

ನಮೂನೆ 1: ಇಡೀ ಪ್ರಕರಣದ ಅಡಿಪಾಯ

ಸಖಿಯಲ್ಲಿ ಐದು ದಿನ ತಂಗಿ ಆಕೆ ಪಕ್ಕದ ತಾಲ್ಲೂಕಿನ ತವರಿಗೆ ಹೋದಳು. 2005ರ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಎಲ್ಲಿ ಹಾಕಬೇಕೆಂಬ ಪ್ರಶ್ನೆ ಎದ್ದಿತು. ಆ ಕಾಯ್ದೆಯ ಕಲಂ 27ರಂತೆ ತಾತ್ಕಾಲಿಕವಾಗಿ ವಾಸವಿರುವ ಜಾಗದ ನ್ಯಾಯಾಲಯವೂ ಆಗುತ್ತದೆ. ತವರಿನ ತಾಲ್ಲೂಕಿನಲ್ಲಿ ಹಾಕಿದರೆ ಗಂಡನ ಊರಿನ ದಾರಿ ತುಳಿಯಬೇಕಿಲ್ಲ, ಆದರೆ ನೋಟಿಸು ಜಾರಿಗೆ ಎರಡು ತಾಲ್ಲೂಕುಗಳ ನಡುವೆ ಓಡಾಟ. ಆಕೆ ತವರಿನ ತಾಲ್ಲೂಕನ್ನೇ ಆರಿಸಿದಳು.

ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದ ಸಂರಕ್ಷಣಾಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ. ಅಂಗನವಾಡಿ, ಪೌಷ್ಟಿಕ ಆಹಾರ, ಸಭೆಗಳ ನಡುವೆ ಅವರಿಗೆ ಇದು ಹತ್ತರಲ್ಲಿ ಹನ್ನೊಂದನೇ ಕೆಲಸ. ಅವರ ಮೇಜಿಗೆ ಖಾಲಿ ಕೈಯಲ್ಲಿ ಹೋದರೆ ನಮೂನೆ 1ರಲ್ಲಿ ಅವರು ಬರೆಯುವ ದೌರ್ಜನ್ಯ ಘಟನಾ ವರದಿ, ಅಂದರೆ ಡಿಐಆರ್, ಎರಡು ಸಾಲಿನಲ್ಲಿ ಮುಗಿಯುತ್ತದೆ: "ಗಂಡ ನಿತ್ಯ ಹೊಡೆಯುತ್ತಾನೆ, ಕಿರುಕುಳ ಕೊಡುತ್ತಾನೆ." ಇದರಿಂದ ಮ್ಯಾಜಿಸ್ಟ್ರೇಟರಿಗೆ ಏನೂ ತಿಳಿಯುವುದಿಲ್ಲ.

ಸಾಂತ್ವನ ಕೇಂದ್ರದ ಕಾರ್ಯಕರ್ತೆ ಆಕೆಯ ಜೊತೆ ಒಂದು ಮಧ್ಯಾಹ್ನ ಕೂತು ನಾಲ್ಕು ಘಟನೆಗಳನ್ನು ಹೆಕ್ಕಿದಳು: ಮೊದಲನೆಯದು, ಅತಿ ಕ್ರೂರವಾದದ್ದು, ಸಾಕ್ಷಿ ಇರುವುದು, ಕೊನೆಯದು. ತಾರೀಕು ನೆನಪಿಲ್ಲ ಎಂದಾಗ ಹಬ್ಬ ಹಿಡಿದು ಕೇಳಿದಳು. "ಗೌರಿ ಹಬ್ಬಕ್ಕೆ ತವರಿಂದ ಬಾಗಿನ ಬಂದಿತ್ತಲ್ಲ, ಅದರ ಹಿಂದಿನ ದಿನ." "ಮಗಳನ್ನ ಸ್ಕೂಲಿಗೆ ಸೇರಿಸಿದ ವಾರ." ಕ್ಯಾಲೆಂಡರ್ ತೆಗೆದರೆ ತಾರೀಕು ಸಿಕ್ಕಿತು. ಪ್ರತಿಯೊಂದಕ್ಕೂ ದಿನ, ಹೊತ್ತು, ಜಾಗ, ಕೈಯಲ್ಲಿ ಏನಿತ್ತು, ಯಾರು ಕಂಡರು, ಆಮೇಲೆ ಎಲ್ಲಿಗೆ ಹೋದೆ. ಲೈಂಗಿಕ ದೌರ್ಜನ್ಯದ ಅಂಕಣವನ್ನು ಸಂಕೋಚದಿಂದ ಖಾಲಿ ಬಿಡುವುದೇ ಹೆಚ್ಚು. ಇಲ್ಲಿ ಆಕೆಯದೇ ಮಾತಿನಲ್ಲಿ ಮೂರು ಸಾಲು ಬರೆದರು, ವಿಚಾರಣೆಯನ್ನು ಕಲಂ 16ರಂತೆ ಮುಚ್ಚಿದ ಕೋಣೆಯಲ್ಲಿ ನಡೆಸಲು ಕೋರಬಹುದು ಎಂದು ಮೊದಲೇ ತಿಳಿಸಿ. ಎಟಿಎಂ ಕಾರ್ಡು ಮತ್ತು ಎರಡು ಸಾಲ ಆರ್ಥಿಕ ದೌರ್ಜನ್ಯದ ಅಂಕಣಕ್ಕೆ ಹೋದವು. ಕಂತು ಕಟ್ಟಿದ ಪಾಸ್‌ಬುಕ್ ಲಗತ್ತಾಯಿತು.

ಸ್ತ್ರೀಧನದ ಪಟ್ಟಿಗೂ ಇಷ್ಟೇ ಶ್ರದ್ಧೆ ಬೇಕು. "ಒಡವೆಗಳು" ಎಂದರೆ ಸಾಲದು. ಮಾಂಗಲ್ಯ ಸರ ಎಷ್ಟು ಗ್ರಾಂ, ಓಲೆ-ಜುಮುಕಿ ಯಾರು ಕೊಟ್ಟದ್ದು, ಬಳೆ ಯಾವ ಅಂಗಡಿಯದು, ಈಗ ಎಲ್ಲಿದೆ, ಗಿರವಿ ಇಟ್ಟಿದ್ದರೆ ಚೀಟಿ ಯಾರ ಹೆಸರಿನಲ್ಲಿದೆ. ಬಿಲ್ಲು ಇಲ್ಲದ್ದಕ್ಕೆ ಮದುವೆ ಆಲ್ಬಮ್ಮಿನ ಫೋಟೋ. ಬೀರು, ಮಂಚ, ಹೊಲಿಗೆ ಯಂತ್ರವೂ ಪಟ್ಟಿಯಲ್ಲಿದ್ದವು.

ಮನೆ ಅತ್ತೆಯ ಹೆಸರಿನಲ್ಲಿದೆ, ಆದ್ದರಿಂದ ಆಕೆಗೆ ಹಕ್ಕಿಲ್ಲ ಎಂದು ಗಂಡನ ಕಡೆಯವರು ಹೇಳಿಕೊಂಡು ತಿರುಗುತ್ತಿದ್ದರು. 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಂಡನ ಬಂಧುಗಳ ಹೆಸರಿನ ಮನೆಯೂ ಸಹವಾಸದ ಮನೆ, ಅಂದರೆ ಹೆಂಡತಿಗೆ ವಾಸದ ಹಕ್ಕಿರುವ ಮನೆ, ಆಗಬಹುದು ಎಂದಿದೆ. ಕಾನೂನಿನಲ್ಲಿ ದಾರಿ ಇದ್ದರೂ ಆಕೆ ಅಲ್ಲಿಗೆ ಮರಳಲು ಒಪ್ಪಲಿಲ್ಲ. ಕುತ್ತಿಗೆ ಹಿಸುಕಿದವನ ಸೂರಿನಡಿ ಮತ್ತೆ ಮಲಗು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಕಲಂ 19(1)(ಎಫ್) ಅಡಿ ಬಾಡಿಗೆ ಕೇಳಲಾಯಿತು. ಜೊತೆಗೆ ಕಲಂ 18ರ ರಕ್ಷಣೆ, 20ರ ಜೀವನಾಂಶ, 21ರ ಮಕ್ಕಳ ಸುಪರ್ದಿ, 23ರ ಮಧ್ಯಂತರ ಆದೇಶಕ್ಕೆ ನಮೂನೆ 3ರ ಪ್ರಮಾಣಪತ್ರ. ವಕೀಲರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಸಿಕ್ಕರು. ಹೆಂಗಸರಿಗೆ ಇದು ಉಚಿತ, ಆದಾಯದ ಮಿತಿ ಇಲ್ಲ. ಸಹಾಯವಾಣಿ 15100.

ಆದೇಶ ಬಂತು, ಕೆಲಸ ಮುಗಿಯಲಿಲ್ಲ

ಮೊದಲ ವಿಚಾರಣೆ ಮೂರು ದಿನದೊಳಗೆ ಎಂದು ಕಾಯ್ದೆ ಹೇಳುತ್ತದೆ. ಹನ್ನೆರಡನೇ ದಿನ ಆಯಿತು. ಗಾಯದ ದಾಖಲೆ ನೋಡಿ ಅಂದೇ ಏಕಪಕ್ಷೀಯ ರಕ್ಷಣಾ ಆದೇಶ ಬಂತು: ತವರು ಮನೆ, ಕಾರ್ಖಾನೆ, ಮಕ್ಕಳ ಶಾಲೆ, ಮೂರರ ಹತ್ತಿರವೂ ಸುಳಿಯಬಾರದು, ಫೋನ್ ಮಾಡಬಾರದು. ಅರ್ಜಿಯಲ್ಲಿ ಕಾರ್ಖಾನೆ ಮತ್ತು ಶಾಲೆಯ ವಿಳಾಸ ಸ್ಪಷ್ಟವಾಗಿ ಬರೆದಿದ್ದರಿಂದಲೇ ಅವು ಆದೇಶದಲ್ಲಿ ಸೇರಿದವು.

ಜೀವನಾಂಶಕ್ಕೆ ನೋಟಿಸು ಜಾರಿಯಾಗಬೇಕಿತ್ತು. ಮೊದಲ ಸಲ "ಮನೆಗೆ ಬೀಗ" ಎಂಬ ಷರಾದೊಂದಿಗೆ ಮರಳಿತು. ನಿಯಮ 12ರಂತೆ ಕೆಲಸದ ಜಾಗದಲ್ಲೂ ಜಾರಿ ಮಾಡಬಹುದು. ಎರಡನೇ ಸಲ ಅವನ ಕಂಪನಿಗೆ ಕಳಿಸಿದರು. ಬಂದು ತನ್ನ ಸಂಬಳ 12,000 ರೂಪಾಯಿ ಎಂದ. 2020ರ ರಜನೀಶ್-ನೇಹಾ ತೀರ್ಪಿನಂತೆ ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಹಾಕಲೇಬೇಕಾಯಿತು. ಸಂಬಳದ ಚೀಟಿಯಲ್ಲಿ 27,000 ಇತ್ತು. ಮೂರನೇ ತಿಂಗಳಲ್ಲಿ ತಿಂಗಳಿಗೆ 9,000 ರೂಪಾಯಿ ಮಧ್ಯಂತರ ಜೀವನಾಂಶ, ಅರ್ಜಿ ಹಾಕಿದ ದಿನದಿಂದ ಲೆಕ್ಕ. ಎರಡು ತಿಂಗಳು ಒಂದು ಪೈಸೆಯೂ ಬರಲಿಲ್ಲ. ಕಲಂ 20(6)ರಡಿ ಸಂಬಳದಿಂದಲೇ ಕಡಿದು ಆಕೆಗೆ ಕೊಡುವಂತೆ ಕಂಪನಿಗೆ ನಿರ್ದೇಶನ ಕೋರಿದ ಮೇಲೆ ನಿಯಮಿತವಾಯಿತು. ಗಂಡ ಸಂಬಳದ ನೌಕರನಾಗಿದ್ದರೆ ಈ ಕೋರಿಕೆಯನ್ನು ಮೊದಲ ಅರ್ಜಿಯಲ್ಲೇ ಹಾಕಬೇಕು.

ಆಕೆಯ ಸಂಬಳವೂ ಆಕೆಯ ಕೈಗೆ ಬರಬೇಕಿತ್ತು. ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು, ಸಂಬಳದ ದಿನಕ್ಕೆ ಮೊದಲೇ ಕಾರ್ಖಾನೆಯ ಎಚ್‌ಆರ್‌ಗೆ ಪತ್ರ ಕೊಟ್ಟಳು. ಹಳೆಯ ಖಾತೆಗೆ ಜೋಡಿಸಿದ್ದ ಮೊಬೈಲ್ ನಂಬರೂ ಗಂಡನದಾಗಿತ್ತು. ಫೋನಿನ ಗೂಗಲ್ ಖಾತೆಯ ಗುಪ್ತಪದ ಅವನಿಗೆ ಗೊತ್ತಿದ್ದರಿಂದ ಆಕೆ ಎಲ್ಲಿದ್ದಾಳೆಂಬುದು ಅವನಿಗೆ ಕಾಣುತ್ತಿತ್ತು. ವಾಟ್ಸ್ಯಾಪ್ ಅವನ ಲ್ಯಾಪ್‌ಟಾಪಿನಲ್ಲೂ ತೆರೆದಿತ್ತು. ಇದನ್ನು ಸಖಿಯಲ್ಲಿ ಮೊದಲ ದಿನವೇ ನೋಡಬೇಕಿತ್ತು, ನೋಡಿದ್ದು ಎರಡನೇ ವಾರ.

ಮಗಳ ಶಾಲೆಯಲ್ಲಿ ವರ್ಗಾವಣೆ ಪತ್ರಕ್ಕೆ ತಂದೆಯ ಸಹಿ ಕೇಳಿದರು. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 5ರಂತೆ ಪತ್ರ ತಡವಾಯಿತೆಂದು ಹೊಸ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ. ತವರಿನ ಸರ್ಕಾರಿ ಶಾಲೆ ಸೇರಿಸಿಕೊಂಡಿತು. ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿತ್ತು, ಮಾತು ಕಡಿಮೆಯಾಗಿತ್ತು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ತಾಯಿ-ಮಗಳನ್ನು ಇಬ್ಬರನ್ನೂ ತೋರಿಸಿದರು. ನಡುರಾತ್ರಿ ಬದುಕೇ ಬೇಡವೆನಿಸಿದಾಗ ಆಕೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದ್ದೂ ಉಂಟು. ಕನ್ನಡದಲ್ಲೇ ಮಾತಾಡಿದರು.

ವಿಚಾರಣೆಯ ದಿನಗಳಲ್ಲಿ ಸ್ತ್ರೀಶಕ್ತಿ ಸಂಘದ ಇಬ್ಬರು ಸರದಿಯಂತೆ ಜೊತೆಗೆ ಬರುತ್ತಿದ್ದರು. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚಿಲ್ಲ, ಆಧಾರ್ ಇದ್ದರೆ ಸಾಕು. ಖರ್ಚಾದದ್ದು ಹಾಜರಿ ಬೋನಸ್. ಒಂದು ದಿನ ರಜೆ ಹಾಕಿದರೂ ಆ ತಿಂಗಳ ಬೋನಸ್ ಹೋಗುತ್ತದೆ. ನ್ಯಾಯಾಲಯಕ್ಕೆ ಹಾಜರಾದ ಬಗ್ಗೆ ಪ್ರಮಾಣಪತ್ರ ಪಡೆದು ಕೊಟ್ಟ ಮೇಲೆ ಎಚ್‌ಆರ್ ಒಪ್ಪಿತು.

ಐದನೇ ತಿಂಗಳು ಪಾಳಿ ಬಿಡುವ ಹೊತ್ತಿಗೆ ಅವನು ಕಾರ್ಖಾನೆಯ ಗೇಟಿಗೆ ಬಂದು ಕೈ ಹಿಡಿದೆಳೆದ. ಆಕೆ 112ಕ್ಕೆ ಕರೆ ಮಾಡಿದಳು. ಬಂದ ಸಿಬ್ಬಂದಿಗೆ ಇದು ಬೀದಿ ಜಗಳವಾಗಿ ಕಂಡಿತು. ರಕ್ಷಣಾ ಆದೇಶದ ಪ್ರಮಾಣೀಕೃತ ಪ್ರತಿ ಬ್ಯಾಗಿನಲ್ಲಿತ್ತು, ಅದರ ಫೋಟೋ ಫೋನಿನಲ್ಲಿತ್ತು. ಆದೇಶದ ಉಲ್ಲಂಘನೆಗೆ 2005ರ ಕಾಯ್ದೆಯ ಕಲಂ 31ರಡಿ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕಲಂ 32ರಂತೆ ಅದು ಸಂಜ್ಞೇಯ ಮತ್ತು ಜಾಮೀನುರಹಿತ. ಠಾಣೆಗೆ ಆದೇಶದ ಪ್ರತಿ ಹಿಂದೆಯೇ ಹೋಗಿತ್ತು, ಆದರೆ ಇನ್‌ಸ್ಪೆಕ್ಟರ್ ಬದಲಾಗಿದ್ದರು, ಹೊಸಬರಿಗೆ ಗೊತ್ತಿರಲಿಲ್ಲ. ಅಧಿಕಾರಿ ಬದಲಾದಾಗಲೆಲ್ಲ ಪ್ರತಿಯನ್ನು ಮತ್ತೆ ಕೊಟ್ಟು ಸ್ವೀಕೃತಿ ಪಡೆಯುವುದು ಸಾಂತ್ವನ ಕೇಂದ್ರದ ಕೆಲಸದ ಪಟ್ಟಿಗೆ ಆಮೇಲೆ ಸೇರಿತು. ಅವನ ಕರೆಗಳ ಧ್ವನಿಮುದ್ರಿಕೆಯನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದೊಂದಿಗೆ ಕೊಟ್ಟರು. ಮೂಲ ಫೋನನ್ನು ರೀಸೆಟ್ ಮಾಡಬಾರದೆಂದು ಆಕೆಗೆ ಹೇಳಿದ್ದರು.

ಹನ್ನೊಂದನೇ ತಿಂಗಳಲ್ಲಿ ಆಕೆ ಕಾರ್ಖಾನೆಯ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ ಮಾಡಿದಳು. ಕ್ರಿಮಿನಲ್ ಪ್ರಕರಣ ಸಾಕ್ಷಿ ಹಂತದಲ್ಲಿದೆ. ಒಡವೆಗಳಲ್ಲಿ ಓಲೆ-ಜುಮುಕಿ ಮತ್ತು ಹೊಲಿಗೆ ಯಂತ್ರ ಮರಳಿವೆ, ಗಿರವಿಯ ಬಳೆ ಮರಳಿಲ್ಲ. ಹಳೆಯ ಪಡಿತರ ಚೀಟಿಯಲ್ಲಿ ಯಜಮಾನಿ ಅತ್ತೆಯಾದ್ದರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಅವರಿಗೇ ಹೋಗುತ್ತಿದೆ. ತನ್ನ ಮತ್ತು ಮಕ್ಕಳ ಹೆಸರು ಅದರಿಂದ ತೆಗೆಸಿ ಹೊಸ ಚೀಟಿ ಮಾಡಿಸಲು ಆಕೆ ಅರ್ಜಿ ಕೊಟ್ಟಿದ್ದಾಳೆ, ಜೊತೆಗೆ ರಕ್ಷಣಾ ಆದೇಶದ ಪ್ರತಿ ಮತ್ತು ಬಾಡಿಗೆ ಕರಾರು ಲಗತ್ತಿಸಿದ್ದಾಳೆ.